ಅಪ್ಪನ ಸಮಾಧಿ ಮೇಲೆ ಹತ್ತು ಗಂಟೆ ಹೂ

ನಮ್ಮೂರಾಗ ಕೃಷಿ ವಿಜ್ಞಾನಿ ಅಂದ್ರೆ ನಾನೊಬ್ಬನೇ. ಉಳಿದವರು ಬರೀ ರೈತರು. ಅಂಥ ನನ್ನ ಮರ್ಯಾದೆಯನ್ನು ಗೇಣುದ್ದದ ಹೂವಿನ ಗಿಡ ಒಂದೇ ವರ್ಷದಾಗ ಮೂರು ಸಲ ತೆಗೀತು.

೧
ಅಪ್ಪನನ್ನು ಹೊಲದಾಗ ಮಣ್ಣು ಮಾಡಿದ್ವಿ. ಎರೆಭೂಮಿ, ಬ್ಯಾಸಗಿ ಬರೂತ್ಲೆ ಸಮಾಧಿ ಕೈ ಹೋಗುವಷ್ಟು ಬಿರೀತು. ಅದನ್ನು ನೋಡಿದ ಅವ್ವ, "ಆ ಬಿರುಕು ಮುಚ್ಚೂತನಕ ನಾ ಹೊಲಕ್ಕ ಬರಂಗಿಲ್ಲ" ಅಂದು ಮನೆ ಸೇರಿದಳು.

"ವರ್ಷದ ಪೂಜಿಯೊಳಗ ಹೂವಿಂದ ಮುಚ್ಚತೀನಿ, ನೋಡ್ತಿರು!" ಅಂದೆ.

ಹತ್ತು ಗಂಟೆ ಹೂವಿನ ಕುಡಿ ತಂದು ನೆಟ್ಟೆ. ಎಲೆಯಲ್ಲೇ ನೀರು ಕೂಡಿಟ್ಟುಕೊಂಡು ನೆಲಕ್ಕಂಟಿ ಹಬ್ಬುವ ಗಿಡ. ನಾನು ಸುಮ್ಮನಿರುವ ಮಗನೇ? ದಿನಾ ಎರಡು ಕೊಡ ನೀರು ಸುರಿದೆ. ಎಲ್ಲಾ ಕೊಳೆತು ನಾರಿತು.

ಬಾಜೂ ಹೊಲದ ಕಾಕಾ ಮೂಗು ಮುಚ್ಚಿಕೊಂಡು ಅಂದ: "ಬದುಕಿದ್ದಾಗ ನಿಮ್ಮಪ್ಪಗ ಒಂದು ತಂಬಿಗಿ ನೀರು ಕೊಟ್ಟಾಂವಲ್ಲ. ಈಗ ಮುಳುಗಿಸಾಕತ್ತಿಯೇನಲೇ?"

೨
ಎರಡನೇ ಸಲ ಉಸುಕು, ಗರಸು ಬೆರೆಸಿ ನೆಟ್ಟೆ. ಚಿಗುರಿತು. ಊರೆಲ್ಲಾ ಹೇಳಿಕೊಂಡು ಬಂದೆ. ಅಷ್ಟರಾಗ ಕಳೆ ತೆಗೆಯಲು ಹೋದ ಚಿಗವ್ವ ಅದನ್ನು ಗೋಳಿಪಲ್ಲೆ ಸೊಪ್ಪು ಅಂದುಕೊಂಡು ಉಡಿತುಂಬ ಕಿತ್ತು ತಂದು ಒಗ್ಗರಣೆ ಹಾಕಿದ್ದಳು.

"ಚಿಗವ್ವಾ, ಅದು ಅಪ್ಪನ ಮ್ಯಾಲಿನ ಹೂವಿನ ಗಿಡ!"

ಆಕೆ ಕೈಯಾಗಿನ ತುತ್ತು ಕೆಳಗಿಟ್ಟು ಬಹಳ ಹೊತ್ತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಅದಕ್ಕ ಎಷ್ಟು ಉಪ್ಪು ಹಾಕಿದ್ರೂ ಸಪ್ಪಗಾತು" ಅಂದಳು.

ತಿಂಗಳು ಬಿಟ್ಟು ನೋಡಿದರೆ, ಆಕೆ ತಿಪ್ಪೆಗೆ ಎಸೆದ ದಂಟೆಲ್ಲಾ ಬೇರು ಬಿಟ್ಟು ಹೂವಾಗಿದ್ದವು. ವಿಜ್ಞಾನಿ ನೆಟ್ಟದ್ದು ಸತ್ತಿತ್ತು, ಚಿಗವ್ವ ಒಗೆದದ್ದು ಬೆಳೆದಿತ್ತು.

೩
ಆ ತಿಪ್ಪೆಯ ಕುಡಿಗಳೇ ಕಡೆಗೆ ಸಮಾಧಿ ತುಂಬ ಹಬ್ಬಿದವು, ಬಿರುಕು ಕಾಣದಾಯಿತು. ಪೂಜೆಯ ದಿನ ಬೀಗರಿಗೆ ಬಿಸಿಲು ಬಡಿಯಬಾರದೆಂದು ಸಮಾಧಿಯನ್ನೂ ಸೇರಿಸಿ ದೊಡ್ಡ ಪೆಂಡಾಲ್ ಹೊಡೆಸಿದೆ.

"ಹತ್ತು ಹೊಡೀಲಿ, ನೋಡೀರಂತ! ಕೆಂಪು, ಹಳದಿ, ಗುಲಾಬಿ!"

ಹತ್ತಾಯಿತು. ಹನ್ನೊಂದಾಯಿತು. ಒಂದು ಮೊಗ್ಗೂ ಬಾಯಿ ಬಿಡಲಿಲ್ಲ. ಕಾಕಾ, "ಅವಕ್ಕ ಗಡಿಯಾರ ನೋಡಾಕ ಕಲಿಸೀಯೋ ಇಲ್ಲೋ?" ಅಂದ. ಬೀಗರು ನಕ್ಕರು. ಅವ್ವ ಬದುವಿನ ಮೇಲೇ ನಿಂತಿದ್ದಳು, ಬ್ಯಾಸಗಿಯಿಂದ ಬಾರದ ಕಾಲು ಮುಂದಕ್ಕೆ ಬರುತ್ತಿರಲಿಲ್ಲ.

ಆಕೆ ಪೆಂಡಾಲ್ ಕಡೆ ನೋಡಿದಳು. ಮೊಗ್ಗು ನೋಡಿದಳು. ಸೀದಾ ನಡೆದು ಬಂದು ಸಮಾಧಿಯ ಬಾಜೂ ಕುಂತಳು.

"ಬಿಸಿಲು ಬೀಳದ ಹೆಂಗ ಅರಳ್ತಾವಲೇ? ಮ್ಯಾಲಿಂದು ತಗಿ. ಹೊದ್ದ ಕೌದಿ ನಾ ಜಗ್ಗದೇ ನಿಮ್ಮಪ್ಪಾರು ಒಂದಿನರ ಎದ್ದಿದ್ರೇನು?"