ಶಿನ್‌ಗಾರ್ಡ್ ಕದ್ದ ಅಜ್ಜಿ

ಎಪ್ಪತ್ತೆರಡು ವರ್ಷ ಡೀಸೆಂಟಾಗಿ ಬಾಳಿದವಳು ಕಳ್ಳತನಕ್ಕೆ ಇಳಿಯಬೇಕೆಂದರೆ ಕಾರಣ ಘನವಾಗಿಯೇ ಇರಬೇಕು. ನನ್ನ ಕಾರಣ ಮೊಮ್ಮಗಳ ಕಾಲು. ಹದಿಮೂರರ ಅನಘಾ ಫುಟ್‌ಬಾಲ್ ಆಡುತ್ತಾಳೆ. ಆಡುವಾಗ ಮೊಣಕಾಲ ಕೆಳಗೆ, ಸಾಕ್ಸಿನೊಳಗೆ ಶಿನ್‌ಗಾರ್ಡ್ ಎಂಬ ಪ್ಲಾಸ್ಟಿಕ್ ಕವಚ ತೊಡಬೇಕಂತೆ. ಅದಿಲ್ಲದಿದ್ದರೆ ಮೈದಾನಕ್ಕೇ ಬಿಡುವುದಿಲ್ಲವಂತೆ. ಈ ರೂಲ್ ಕೇಳಿದ್ದೇ ತಡ, ಮ್ಯಾಚಿನ ದಿನ ಬೆಳಿಗ್ಗೆ ಎರಡೂ ಗಾರ್ಡುಗಳು ಅವಳ ಕಿಟ್‌ಬ್ಯಾಗಿನಿಂದ ನನ್ನ ಹ್ಯಾಂಡ್‌ಬ್ಯಾಗಿಗೆ ವರ್ಗವಾದವು.

ನನಗೂ ಒಂದು ಫುಟ್‌ಬಾಲ್ ಚರಿತ್ರೆಯಿದೆ. ಶಿವಮೊಗ್ಗದ ಕಾನ್ವೆಂಟಿನಲ್ಲಿ ಒಮ್ಮೆ, ಒಂದೇ ಒಮ್ಮೆ, ಗೋಡೆಯಾಚೆಯಿಂದ ಬಂದ ಹುಡುಗರ ಚೆಂಡನ್ನು ಒದೆಯಲು ಹೋಗಿ ಬಿದ್ದೆ. ಸಿಸ್ಟರ್, "ಲೇಡೀಸ್ ಡೋಂಟ್ ಕಿಕ್" ಎಂದರು. ಅಮ್ಮ ಗಾಯಕ್ಕೆ ಕಾಫಿಪುಡಿ ಮೆತ್ತಿ, "ಯಾರಿಗೂ ಹೇಳ್ಬೇಡ. ನಾಳೆ ಹೆಣ್ಣು ನೋಡೋಕೆ ಬರೋರು ಕಾಲೂ ನೋಡ್ತಾರೆ" ಎಂದಳು. ಆ ಕಲೆ ಅರವತ್ತು ವರ್ಷಗಳಿಂದ ಸೀರೆಯೊಳಗೆ ಅಜ್ಞಾತವಾಸದಲ್ಲಿದೆ. ಕಾಫಿಪುಡಿಯ ಪೊಟ್ಟಣ ಮಾತ್ರ ಇಂದಿಗೂ ನನ್ನ ಹ್ಯಾಂಡ್‌ಬ್ಯಾಗಿನ ಪರ್ಮನೆಂಟ್ ಸದಸ್ಯ.

ಮಾಚೇನಹಳ್ಳಿ ದಾಟುವವರೆಗೂ ಅನಘಾ ಕಾರಿನಲ್ಲಿ ಹಾಡುತ್ತಲೇ ಇದ್ದಳು. ಭದ್ರಾವತಿಯ ಮೈದಾನದಲ್ಲಿ ರೆಫರಿಯೂ ಒಬ್ಬ ಹುಡುಗಿಯೇ! ಕೊರಳಲ್ಲಿ ಸೀಟಿ, ತೊಟ್ಟಿದ್ದು ಚಡ್ಡಿ. ಸಾಲಾಗಿ ನಿಂತ ಹುಡುಗಿಯರ ಮುಂದೆ ಮಂಡಿಯೂರಿ, ತೆಂಗಿನಕಾಯಿ ಪರೀಕ್ಷಿಸುವಂತೆ ಒಬ್ಬೊಬ್ಬರ ಕಾಲನ್ನೂ ತಟ್ಟಿ ತಟ್ಟಿ ನೋಡುತ್ತಿದ್ದಳು. ನಾನು ಬೆರಗಾಗಿ ಕುಳಿತೆ. ನನ್ನ ಕಾಲನ್ನು ಹೀಗೆ ವಿಚಾರಿಸಿಕೊಂಡವರು ಯಾರೂ ಇರಲಿಲ್ಲ. ಮುಚ್ಚು ಎಂದವರೇ ಎಲ್ಲ.

ಅನಘಾಳ ಸರದಿ ಬಂತು. ಕಿಟ್‌ಬ್ಯಾಗು ಬುಡಮೇಲಾಯಿತು.

"ಪೇಪರ್ ಮಡಚಿ ಸಾಕ್ಸಲ್ಲಿ ತುರ್ಕೋ ಮಾರಾಯ್ತಿ," ಎಂದು ಪಿಸುಗುಟ್ಟಿದಳು ಕ್ಯಾಪ್ಟನ್ ಶಬ್ರೀನ್.

"ಕೇಳಿಸ್ತು," ಎಂದಳು ರೆಫರಿ. "ಪೇಪರ್ ಇರೋದು ಓದೋಕೆ. ಕಾಲು ಮುರಿದ್ರೆ ನೀನು ಜೋಡಿಸ್ತೀಯಾ? ಗಾರ್ಡ್ ಇದ್ರೆ ಆಡು ಪುಟ್ಟಾ, ಇಲ್ಲಾಂದ್ರೆ ಕೂತ್ಕೋ."

ಅನಘಾ ನನ್ನ ಪಕ್ಕ ಬಂದು ಕೂತಳು. ಗೆದ್ದೆ ಎಂದು ನಾನು ಬೀಗಬೇಕಿತ್ತು. ಅವಳು ಅಳಲಿಲ್ಲ, ಸಾಕ್ಸನ್ನು ಸುಮ್ಮನೆ ಮೊಣಕಾಲಿನವರೆಗೆ ಎಳೆದು ಎಳೆದು ಮುಚ್ಚಿಕೊಂಡಳು. ಅಂದು ಕಾನ್ವೆಂಟಿನಲ್ಲಿ ಬಿದ್ದಾಗ ಗಾಯ ಮುಚ್ಚಲು ನಾನು ಯೂನಿಫಾರ್ಮನ್ನು ಎಳೆದುಕೊಂಡಿದ್ದೂ ಹೀಗೆಯೇ. ನನ್ನ ಕೈ ತಾನಾಗಿ ಹ್ಯಾಂಡ್‌ಬ್ಯಾಗಿನೊಳಗೆ ಹೋಯಿತು.

"ಅಜ್ಜೀ! ಇವು ನಿಮ್ಮ ಹತ್ರ ಹೇಗೆ?"

"ಪ್ರಿಕಾಷನ್," ಎಂದೆ. ಸುಳ್ಳು ಹೇಳುವಾಗ ಕಾನ್ವೆಂಟ್ ಇಂಗ್ಲಿಷಿನಷ್ಟು ಒದಗಿಬರುವುದು ಬೇರೆ ಯಾವುದೂ ಇಲ್ಲ.

ಆಟ ಶುರುವಾಗಿ ಹತ್ತು ನಿಮಿಷವಾಗಿರಬಹುದು, ಎದುರಾಳಿಯ ಬೂಟು ಅನಘಾಳ ಕಾಲಿಗೆ ಟಕ್ ಎಂದು ಬಡಿದು ಅವಳು ಉರುಳಿಬಿದ್ದಳು. ನಾನು ಕಾಫಿಪುಡಿ ಹಿಡಿದು ಎದ್ದು ನಿಂತೆ. ಹುಡುಗಿ ಎದ್ದಳು, ಗಾರ್ಡನ್ನೊಮ್ಮೆ ತಟ್ಟಿಕೊಂಡಳು, ಓಡಿದಳು! ನಾನು ಪೊಟ್ಟಣ ಹಿಡಿದು ನಿಂತೇ ಇದ್ದೆ. ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳನ್ನು ಕಾಪಾಡುವುದೆಂದರೆ ಆಡಲು ಬಿಡದಿರುವುದು. ಇವರೋ, ಆಡಲಿ ಎಂದೇ ಕಾಪಾಡುತ್ತಿದ್ದರು.

ವಾಪಸು ಬರುವಾಗ ಅನಘಾ ಮಣ್ಣು ಮೆತ್ತಿದ ಗಾರ್ಡುಗಳನ್ನು ನನ್ನ ಮಡಿಲಿಗೆ ಹಾಕಿದಳು. "ಇನ್ಮೇಲೆ ಇವು ನಿಮ್ಮ ಬ್ಯಾಗಲ್ಲೇ ಇರ್ಲಿ ಅಜ್ಜಿ. ಆಗ ಪ್ರತಿ ಮ್ಯಾಚಿಗೂ ನೀವು ಬರ್ಲೇಬೇಕಾಗುತ್ತೆ."

ಕಳ್ಳಿಯನ್ನೇ ಕಾವಲಿಗಿಟ್ಟಳು ನೋಡಿ. ಈಗ ಮ್ಯಾಚಿನ ದಿನ ಮನೆ ಬಿಡುವ ಮೊದಲು ಮೂರು ಸಲ ಬ್ಯಾಗು ತೆರೆದು ನೋಡುತ್ತೇನೆ. ಗಾರ್ಡುಗಳು ಇರುತ್ತವೆ. ಕಾಫಿಪುಡಿಯೂ ಇರುತ್ತದೆ, ಗ್ಯಾಲರಿಯಲ್ಲಿ ನಿಂತು ಕುಣಿಯುವಾಗ ನಾನೇ ಬಿದ್ದರೆ?