ಕೊನೆಯ ನಂಬರು

ಮುಂಬಯಿಯ ಮಲಾಡಿನ ಮಿಕ್ಸರ್ ಕಂಪನಿಯೊಂದರ ಟೆಲಿಫೋನ್ ಆಪರೇಟರ್ ರಮಾಮಣಿಗೆ ಮನೆಗೆ ಹೋಗುವ ಐದೂ ಐವತ್ತರ ಲೋಕಲ್ ರೈಲು ಸಿಕ್ಕದೆ ಹನ್ನೊಂದು ವರ್ಷವಾಗಿತ್ತು. ಚೀಲ ಹೆಗಲಿಗೇರಿಸುವ ಹೊತ್ತಿಗೇ ಊರಿನ ಮಿಕ್ಸರುಗಳೆಲ್ಲ ಕೆಟ್ಟು, ಬೈಗುಳವೆಲ್ಲ ಆಕೆಯ ಕಿವಿಗೇ ಬೀಳುತ್ತಿತ್ತು. ಕರೆಗಳನ್ನು ತಾನೇ ಹಂಚುವ ಹೊಸ ಬೋರ್ಡು ಬಂದಾಗ ಅದಕ್ಕೆ ಕುಂಕುಮವಿಟ್ಟವಳೂ ಆಕೆಯೇ.

"ಫೋನು ಮೊದಲ ಯಾರಿಗೆ, ಅವರು ಎತ್ತದಿದ್ರ ಯಾರಿಗೆ, ಬರದು ಕೊಡ್ರಿ ಅಕ್ಕಾರ. ನೀವು ಹೇಳಿದಂಗ ಕೇಳ್ತೈತಿ" ಎಂದ, ಬೋರ್ಡು ಕೂಡಿಸಲು ಬಂದಿದ್ದ ಬಸವಂತಪ್ಪ.

"ಹಾಗಾದ್ರೆ ಈ ಆಫೀಸಿನಲ್ಲಿ ನನ್ನ ಮಾತು ಕೇಳೋದು ಇದೊಂದೇ."

ಆಕೆ ಬರೆದ ಪಟ್ಟಿಯ ಶಾಯಿ ಆರುವ ಮೊದಲೇ ಸ್ಟೋರಿನ ಚನ್ನಬಸಯ್ಯ ಬಂದ. "ಕಂಪ್ಲೇಂಟ್ ನನಗ್ಯಾಕ್ರಿ? ದೇವಕ್ಕಗ ಕಳಸ್ರಿ. ಆಕಿ ದನಿ ಕೇಳಿದವರು ಮತ್ತ ಫೋನ್ ಮಾಡಂಗಿಲ್ಲ."

ಬೆನ್ನ ಹಿಂದೆಯೇ ಇದ್ದ ಡಿಸ್ಪ್ಯಾಚಿನ ದೇವಕ್ಕ, "ನನಗೆ ಬಂದದ್ದು ಇವರಿಗೇ ವಾಪಸ್ ಹೋಗೋ ಹಾಗೆ ಬರೀರಿ" ಎಂದಳು.

ಇಬ್ಬರ ಮಾತೂ ನಡೆಯಿತು. ಪರೀಕ್ಷೆಗೆ ಮಾಡಿದ ಕರೆ ಇಬ್ಬರ ನಡುವೆ ಗಾಣದೆತ್ತಿನಂತೆ ಸುತ್ತಿ, ಸುಸ್ತಾಗಿ ರಮಾಮಣಿಯ ಮೇಜಿಗೇ ಬಂದು ಬಿತ್ತು. ಒಂಬತ್ತು ಸಲ ಪಟ್ಟಿ ತಿದ್ದಿದ್ದಾಯಿತು. ಎಲ್ಲರಿಗೂ ಬೇಡವಾದದ್ದಕ್ಕೆ ತಾನೊಬ್ಬಳೇ ಬೇಕಾದವಳೇ? ರಮಾಮಣಿಯ ಮೈ ಉರಿಯಿತು.

ನಾಲ್ಕಕ್ಕೆ ಬಸವಂತಪ್ಪ ಗಡಿಯಾರ ನೋಡಿಕೊಂಡ. "ಆಫೀಸ್ ಮುಚ್ಚಿದ ಮ್ಯಾಲೆ ಹೋಗಾಕ ಕೊನಿಗೊಂದು ನಂಬರ್ ಬೇಕ್ರಿ. ಹೊರಗಿಂದಾದ್ರೂ ನಡೀತೈತಿ. ಆದ್ರ ಇವತ್ತು ನಾ ಲಾಕ್ ಮಾಡಿದ್ರ, ಬದಲಿ ಮಾಡಾಕ ದೀಪಾವಳಿಗೇ ಮತ್ತ ಬರೋದು."

ಚನ್ನಬಸಯ್ಯ ಸ್ಟೋರಿಗೆ, ದೇವಕ್ಕ ಡಿಸ್ಪ್ಯಾಚಿಗೆ ಜಾರಿಕೊಂಡರು. ಆಗ ಮ್ಯಾನೇಜರ್ ಜಯಸಿಂಹ ಹೊರಗೆ ಬಂದರು. "ನನ್ನ ಮನೆ ನಂಬರ್ ಹಾಕಪ್ಪ, ರಿಜಿಸ್ಟರಿನಲ್ಲಿದೆ. ರಮಾಮಣಿಯೋರು ಇನ್ನಾದ್ರೂ ಹೊತ್ತಿಗೆ ಸರಿಯಾಗಿ ಮನೆ ಸೇರ್ಲಿ."

ರಮಾಮಣಿಯ ಕಣ್ಣು ತೇವಗೊಂಡಿತು. ಜಯಸಿಂಹರದು ಚೆಂಬೂರಿನಲ್ಲಿ ಆಕೆಯಿದ್ದ ಬಿಲ್ಡಿಂಗಿನಲ್ಲೇ ಮೇಲಿನ ಮನೆ. ಹೋದ ತಿಂಗಳು ಅವರಿಗೆ ಫೋನ್ ಬರುವ ತನಕ, ಒಂದು ವರ್ಷ, ಅವರ ಕರೆಗಳೆಲ್ಲ ಬರುತ್ತಿದ್ದದ್ದು ರಮಾಮಣಿಯ ಮನೆಗೆ. ಒಗ್ಗರಣೆ ಬಿಟ್ಟು ಮೆಟ್ಟಿಲ ಬಳಿ ಓಡಿ ಅವರ ಹೆಂಡತಿ ಅಮ್ಮಣ್ಣಿಯನ್ನು ಎಷ್ಟು ಸಲ ಕೂಗಿರಲಿಲ್ಲ. ಋಣ ತೀರಿಸಿದರು, ದೊಡ್ಡ ಮನುಷ್ಯರು.

ಐದೂವರೆಗೆ ಹೊರಟವಳು ಹಿಂತಿರುಗಿ ನೋಡಲಿಲ್ಲ. ಐದೂ ಐವತ್ತರ ಲೋಕಲಿನಲ್ಲಿ ಕೂರಲು ಜಾಗವೂ ಸಿಕ್ಕಿತು.

ಮನೆಯಲ್ಲಿ ಕಾಫಿ ಲೋಟ ತುಟಿಗಿಡುವಾಗ ಫೋನ್ ಬಾರಿಸಿತು. ಅಂಧೇರಿಯ ಹೆಂಗಸು, ಮಿಕ್ಸರಿನಲ್ಲಿ ಹೊಗೆ. ರಾಂಗ್ ನಂಬರ್ ಎಂದು ಇಟ್ಟಳು. ಮತ್ತೆ ಗೋರೆಗಾಂವದ್ದು, ಬ್ಲೇಡು ತಿರುಗುತ್ತಿಲ್ಲ. ಮೂರನೆಯವನು ಬೈಯಲು ತೊಡಗಿದಾಗ ರಮಾಮಣಿ ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದಳು.

"ಅಮ್ಮಣ್ಣಿ, ನಿಮ್ಮನೆಗೆ ಬರಬೇಕಾದ ಫೋನು ನಮ್ಮನೆಗೆ ಬರ್ತಿದೆ. ಆಫೀಸ್ ರಿಜಿಸ್ಟರಿನಲ್ಲಿ ಹೊಸ ನಂಬರ್ ಬರೆಸಿಲ್ವೇನ್ರೀ?"

ಅಮ್ಮಣ್ಣಿ ಹೂ ಕಟ್ಟುತ್ತಲೇ ನಕ್ಕರು. "ಬರೆಸ್ತಾರೆಯೇ ಇವರು? ಆಫೀಸಿನೋರಿಗೆ ಗೊತ್ತಾದ್ರೆ ಮನೇಲಿ ನೆಮ್ಮದಿ ಇರಲ್ಲ, ರಮಾಮಣಿಯೋರ ನಂಬರೇ ಇರ್ಲಿ, ಅವರಿಗೆ ಅಭ್ಯಾಸ ಇದೆ ಅಂದ್ರು."

ಕೆಳಗೆ ಫೋನ್ ಮತ್ತೆ ಬಾರಿಸತೊಡಗಿತು.

"ಹೋಗಿ ಎತ್ಕೊಳ್ರೀ, ಪಾಪ ಯಾರೋ ಕಾಯ್ತಿರ್ತಾರೆ" ಎಂದರು ಅಮ್ಮಣ್ಣಿ. "ಅಂದ ಹಾಗೆ ನಮ್ಮ ಮಿಕ್ಸರೂ ನಿಂತಿದೆ. ಅದನ್ನೂ ಬರ್ಕೊಂಡ್ಬಿಡಿ."

ಅದು ಜೂನ್ ತಿಂಗಳು. ದೀಪಾವಳಿಗೆ ಇನ್ನೂ ಐದು ತಿಂಗಳಿತ್ತು.