ಐದು ಡ್ರಮ್ಮಿನ ಬೀಗರು

ಇಡೀ ವಾಡಿ ಊರಾಗ ಕಸಕ್ಕ ಕೈ ಮುಗಿಯೋರು ಒಬ್ಬರೇ ಅದಾರ, ಅವರೇ ನಮ್ಮ ಬೀಗರು! ನನ್ನ ಮಗಳ ಮಾವ. ದೇವರು ಅವರಿಗೆ ಬಂಗಾರದಂಥ ಮೊಮ್ಮಗನ್ನ ಕೊಟ್ಟಾನ. ಅವನು ನನಗೂ ಮೊಮ್ಮಗ ಅಂತ ಬ್ಯಾರೆ ಹೇಳಬೇಕೇನು? ಆ ಗಲ್ಲ ನೋಡಿದ್ರ ತುಪ್ಪ ಹಚ್ಚಿದ ಹೋಳಿಗಿ ನೆನಪಾಗ್ತದ! ಆದ್ರ ಬೀಗರ ಕಣ್ಣು ಮಾತ್ರ ಸದಾ ರದ್ದಿ ಮ್ಯಾಲ.

ರಿಟೈರ್ ಆದ ಮ್ಯಾಲ ಸ್ಟೇಷನ್ ಎದುರಿನ ಮೂರಂತಸ್ತಿನ ಕಟ್ಟಡ ನೋಡ್ಕೊಳ್ಳೋ ಕೆಲಸ ಹಿಡಿದ್ರು. ಬರೇ ಆಫೀಸುಗಳು, ಒಂದರ ಮೈಗೆ ಒಂದು. ಈ ಆಫೀಸಿನಾಗ ಸೀನಿದ್ರ ಆ ಆಫೀಸಿನವರು ಮೂಗು ಒರೆಸ್ಕೋಬೇಕು! ಇಂಥಾದಕ್ಕ ಹೈದರಾಬಾದಿನ ಮಾಲಕರಿಗೆ ಹಸಿರು ಕಟ್ಟಡ ಅಂತ ಸರ್ಟಿಫಿಕೇಟ್ ಬೇಕಾತು. ಕಾಗದ, ರಟ್ಟು, ಗಾಜು, ತಗಡು, ಪ್ಲಾಸ್ಟಿಕ್ ಬ್ಯಾರೆ ಬ್ಯಾರೆ ಕೂಡಿಸಿ, ಮತ್ತ ಕೆಲಸಕ್ಕ ಬರೂಹಂಗ ಕಳಿಸಬೇಕಂತ. ಕೂಡಿಸ್ಲಿಕ್ಕೆ ಒಂದು ಖೋಲಿ ಇರಲೇಬೇಕಂತ. ಸ್ಕೂಟರಿಗೇ ಜಗಾ ಇಲ್ಲ, ಕಸಕ್ಕ ಎಲ್ಲಿಂದ ತರೋದು? ಮೆಟ್ಟಿಲ ಕೆಳಗಿನ ಖೋಲಿ ಪಾನ್ ಅಂಗಡಿಗೆ ಬಾಡಿಗಿ ಹೋಗೋದಿತ್ತು. ಬೀಗರು ಬಾಗಿಲಿಗೆ ಅಡ್ಡ ಕುಂತು ಬಿಡಿಸ್ಕೊಂಡ್ರು. ಮಂದಿ ಹೊಲ ಗೆಲ್ತಾರ, ಮನಿ ಗೆಲ್ತಾರ. ನಮ್ಮವರು ಕಸದ ಖೋಲಿ ಗೆದ್ರು!

ಅದರ ಬಾಗಿಲಿಗೆ ಐದು ಡ್ರಮ್ಮು. ಮ್ಯಾಲಿನ ವಕೀಲರು ಒಮ್ಮೆ ಚಹಾದ ಪ್ಲಾಸ್ಟಿಕ್ ಕಪ್ಪು ಕಾಗದದ ಡ್ರಮ್ಮಿಗೆ ಒಗೆದ್ರು. ಬೀಗರು ಅದನ್ನ ಹಿಡ್ಕೊಂಡು ಏದುಸಿರು ಬಿಡ್ತಾ ಮ್ಯಾಲ ಹತ್ತಿದ್ರು.

“ವಕೀಲ ಸಾಹೇಬ್ರ, ನಿಮ್ಮ ಕಕ್ಷಿದಾರ ತಪ್ಪು ಕೋರ್ಟಿಗೆ ಬಂದಾನ್ರಿ!”

ತೊಟ್ಟಿಲ ಕಾರ್ಯದಾಗೂ ಇದೇ ಹಾಡು. ಹೆಣ್ಣುಮಕ್ಕಳು ಜೋಗುಳ ಹಾಡ್ಲಿಕತ್ತಾರ, ಇವರು ಮೂಲ್ಯಾಗ ಕುಂತು ಉಡುಗೊರಿ ಡಬ್ಬಿಗಳ ರಟ್ಟು ಬಿಚ್ಚಲಿಕತ್ತಾರ!

“ಬೀಗರ, ಕೂಸಿಗೆ ಏನು ಹೆಸರಿಟ್ರು ಕೇಳಿದ್ರೇನು?” ಅಂದೆ.

“ಕೇಳ್ತೀನಿ ತಡೀರಿ. ಮೊದಲ ಈ ಅಂಟಿನ ಪಟ್ಟಿ ಬಿಡಿಸ್ರಿ. ಪಟ್ಟಿ ಇದ್ರ ರಟ್ಟು ಕೆಡ್ತದ.”

ನನಗ ಮೈ ಉರೀತು. ಮೊಮ್ಮಗನಕಿಂತ ಡಬ್ಬಿ ಹೆಚ್ಚೇನ್ರೀ?

ಮಗಳಿಗೆ ಅದೇ ಕಟ್ಟಡದಾಗ ನೌಕರಿ. ರಜಾ ಮುಗೀತು. ಕೂಸು ಇನ್ನೂ ಮೊಲಿ ಕುಡೀತದ. ಅದನ್ನ ಆಫೀಸಿಗೆ ತರಬ್ಯಾಡ ಅಂದ್ರು ಅಲ್ಲಿನವರು. ಅತ್ತಿ ಇಲ್ಲದ ಮನಿ, ಅಳಿಯಂದು ಫ್ಯಾಕ್ಟರಿ ಕೆಲಸ, ನಾನು ಶಹಾಬಾದಿನಾಗ ಹಾಸಿಗಿ ಹಿಡಿದ ಗಂಡನ ಹತ್ರ. “ನೌಕರಿ ಬಿಡ್ತೀನವ್ವಾ,” ಅಂತ ಅತ್ತಳು. ನಾನಂತೂ ಸಾಲಿ ಕಂಡಾಕಿ ಅಲ್ಲ. ಆಕಿ ಓದಿ ಕುರ್ಚಿ ಮ್ಯಾಲ ಕುಂತಿದ್ದು ನೋಡೇ ನನ್ನ ಎದಿ ತುಂಬಿತ್ತು. ಆಮ್ಯಾಲ ನೌಕರಿ ಬಿಡಲಿಲ್ಲ ಖರೆ, ಕೂಸಿಗೆ ಏನು ಮಾಡಿದಳೋ, ನನಗ ಹೇಳಲೇ ಇಲ್ಲ.

ಇಷ್ಟರಾಗ ಬೀಗರ ಬಾಜೂ ಮನಿಯಾಕಿ ನಮ್ಮೂರಿಗೆ ಬಂದು ಹೇಳಿದಳು: “ನೀವು ಮೊಮ್ಮಗಗ ಹೊಲಿದ ಕೌದಿ ನಿಮ್ಮ ಬೀಗರು ಕಸದ ಖೋಲಿಗೆ ಒಯ್ದಾರ್ರಿ!”

ನನ್ನ ಹಳೀ ಸೀರಿ ಕೂಡಿಸಿ, ಕಣ್ಣು ಕಾಣದಿದ್ರೂ ಒಂದೊಂದೇ ಟಾಕಿ ಹಾಕಿ ಹೊಲಿದ ಕೌದಿ, ಕಸಕ್ಕ? ಮಗಳಿಗಂತ ಪೇಡೆ ಡಬ್ಬಿ ಕಟ್ಟಿಸ್ಕೊಂಡು, ಬೀಗರಿಗಂತ ಬೈಗುಳ ಕಟ್ಕೊಂಡು ರೈಲು ಹತ್ತಿದೆ.

ಖೋಲಿ ಬಾಗಿಲಾಗ ಹಸಿರು ಸರ್ಟಿಫಿಕೇಟಿನ ತಪಾಸಣಿಗೆ ಬಂದ ಸಾಹೇಬ ನಿಂತಿದ್ದ. ಬೀಗರ ಮಾರಿ ಸುಣ್ಣ ಆಗಿತ್ತು. ಇಣುಕಿದೆ. ಫಿನಾಯಿಲ್ ಹಾಕಿ ತೊಳೆದ ನೆಲ, ರಟ್ಟಿನ ಕಟ್ಟುಗಳ ಗೋಡಿ, ಅದರ ಹಿಂದ ಸೀರಿಲೆ ಕಟ್ಟಿದ ತೂಗು ಜೋಳಿಗಿ. ಜೋಳಿಗ್ಯಾಗ ನನ್ನ ಕೌದಿ. ಕೌದಿ ಮ್ಯಾಲ ನನ್ನ ಹೋಳಿಗಿ ಗಲ್ಲದ ಮೊಮ್ಮಗ! ಮಗಳು ಹಾಲು ಕುಡಿಸಲಿಕ್ಕೆ ಮೆಟ್ಟಿಲಿಳಿದು ಬಂದಾಕಿ ಅಲ್ಲೇ ನಿಂತಿದ್ಲು.

“ಇದೇನ್ರೀ?” ಅಂದ ಸಾಹೇಬ.

“ಸಾಹೇಬ್ರ, ಐದು ಥರದ ಕಸ ಬ್ಯಾರೆ ಬ್ಯಾರೆ ಇಟ್ಟೀನ್ರಿ,” ಅಂದ್ರು ಬೀಗರು. “ಇದು ಕಸ ಅಲ್ಲ. ಅದಕ್ಕ ಇದನ್ನೂ ಬ್ಯಾರೆ ಇಟ್ಟೀನಿ.”

ಸಾಹೇಬ ಒಂದು ಗಳಿಗಿ ಜೋಳಿಗಿ ನೋಡಿದ. ಆಮ್ಯಾಲ ದನಿ ಇಳಿಸಿ, “ಖೋಲಿ ಸ್ವಚ್ಛ ಅದ. ಬಾಗಿಲಾ ಸ್ವಲ್ಪ ಮುಂದ ಎಳೀರಿ, ರೈಲು ಬರೂ ಹೊತ್ತು, ಸಪ್ಪಳಕ್ಕ ಎದ್ದಾನು,” ಅಂದು ಹೋದ.

“ನನಗ್ಯಾಕ ಹೇಳಲಿಲ್ಲಬೇ?” ಅಂದೆ ಮಗಳಿಗೆ.

“ಕಸದ ಖೋಲ್ಯಾಗ ಮಲಗಿಸ್ತೀವಿ ಅಂದ್ರ ನೀ ಬಿಡ್ತಿದ್ದೇನವ್ವಾ?”

ಬೀಗರು ತುಟಿಗೆ ಬೆರಳಿಟ್ರು. “ಮೆಲ್ಲಕ ಬೀಗತಿಯವರ. ನಿಮ್ಮ ಸೀರಿ ಕೌದಿ ಮ್ಯಾಲ ಹಾಕಿದ್ರನೇ ನಿದ್ದಿ ಹತ್ತತದ ಅವಗ.”

ಕಟ್ಕೊಂಡು ಬಂದ ಬೈಗುಳ ಒಂದೂ ನೆನಪಾಗಲಿಲ್ಲ. ಪೇಡೆ ಮಗಳ ಉಡ್ಯಾಗ ಸುರುವಿದೆ. ಹೊರಗ ಬಂದು, ಖಾಲಿ ಡಬ್ಬಿ ಅಂಟಿನ ಪಟ್ಟಿ ಉಗುರಿಲೆ ಮೆಲ್ಲಗ ಬಿಡಿಸಿ, ರಟ್ಟಿನ ಡ್ರಮ್ಮಿಗೆ ಸಪ್ಪಳಾಗದಂಗ ಇಟ್ಟೆ.